ನಾಡೆಂಬ ಪದದ ಎರಡು ವ್ಯಾಪ್ತಿಗಳು

ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು 1917ರಲ್ಲಿ ಪ್ರಕಟವಾದ ಗ್ರಂಥ. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಲ್ಲಿ ತಾವೆಲ್ಲರೂ ಒಂದೇ ಜನವೆಂಬ ಅರಿವನ್ನು ಅದು ಮೂಡಿಸಿತೆಂಬುದು ನಿರ್ವಿವಾದವು. ಆದರೆ ಅದರ ವಾದಕ್ರಮವು ವಿಚಾರಾರ್ಹವಾಗಿದೆ. ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳ ಪ್ರಭುತ್ವವೇ ಕರ್ನಾಟಕತ್ವಕ್ಕೆ ಮುಖ್ಯ ಪ್ರಮಾಣವೆಂಬಂತೆ ಅಲ್ಲಿ ನಿರೂಪಣೆಯು ಸಾಗುತ್ತದೆ. ಅರಸರ ಕೀರ್ತಿಯಿಂದ ನಾಡನ್ನು ಅಳೆದರೆ ಸಣ್ಣ ಸೀಮೆಗಳ ಅಭಿಮಾನವು ದೋಷವೆಂದೇ ತೋರುವುದು.

ಪ್ರಾಚೀನ ಪ್ರಯೋಗವು ಈ ಅಳತೆಗೆ ಅನುಕೂಲವಾಗಿಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗಿನ ನೆಲವನ್ನು ಕನ್ನಡದ ನಾಡೆಂದು ನಿರ್ದೇಶಿಸುತ್ತದೆ. ಶಾಸನಗಳಲ್ಲಾದರೋ ಕೆಲವು ಗ್ರಾಮಗಳ ಸಮೂಹಕ್ಕೂ ನಾಡೆಂದೇ ಹೆಸರು. ಅದರ ಮುಖ್ಯನು ನಾಳ್ಗಾವುಂಡ. ಹಿರಿಯ ಅರ್ಥವು ಕಿರಿಯದನ್ನು ನುಂಗಿದುದಿಲ್ಲ. ಮದ್ದೂರು ಸೀಮೆಯ ಆತಕೂರಿನಲ್ಲಿ ದೊರೆತ, ಕ್ರಿ. ಶ. 949-50ರ ಶಿಲಾಶಾಸನವೇ ಇದಕ್ಕೆ ಸಾಕ್ಷಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷವು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಜಯಿಸಿದುದು ಅಲ್ಲಿ ಉಕ್ತವಾಗಿದೆ. ಮಣಲೇರನ ‘ಕಾಳಿ’ಯೆಂಬ ನಾಯಿಯು ಕಾಡುಹಂದಿಯೊಡನೆ ಹೋರಾಡಿ ಮಡಿದುದೂ, ಅದರ ನೆನಪಿನ ಕಲ್ಲಿಗಾಗಿ ಭೂಮಿಯನ್ನು ಬಿಟ್ಟುದೂ ಅಲ್ಲಿಯೇ ಉಕ್ತವಾಗಿದೆ. ಸಾಮ್ರಾಜ್ಯದ ಜಯಕ್ಕೂ ಊರಿನ ಬೇಟೆನಾಯಿಗೂ ಒಂದೇ ಕಲ್ಲು ಸಾಕಾಯಿತು.

ಈ ವಿವೇಕವನ್ನು ಮರೆತುದರಿಂದ ಈಚಿನ ಚರಿತ್ರೆಗೆ ಅನ್ಯಾಯವಾಗಿದೆ. ದುದ್ದ, ಮದ್ದೂರು, ಮಳವಳ್ಳಿಗಳನ್ನೊಳಗೊಂಡ ಮಂಡ್ಯದ ಪ್ರಾಂತದಲ್ಲಿ ರಾಜಕೀಯ ಪ್ರಜ್ಞೆಯನ್ನು ಬೆಳೆಸಿದುದು ಗತವೈಭವದ ಸ್ಮರಣೆಗಿಂತಲೂ ಮಿಗಿಲಾಗಿ ವರ್ತಮಾನದ ಅನುಭವ. ಕನ್ನಂಬಾಡಿಯ ಕಟ್ಟೆ, ಅದರ ನಾಲೆ, 1933ರಲ್ಲಿ ಸ್ಥಾಪಿತವಾದ ಸಕ್ಕರೆಯ ಕಾರ್ಖಾನೆ—ಇವು ಮೈಸೂರು ಸಂಸ್ಥಾನದ ಕೊಡುಗೆಗಳು. ಅದೇ ಸಂಸ್ಥಾನದ ನಿಷೇಧಾಜ್ಞೆಯನ್ನು ಮೀರಿ 1938ರ ಏಪ್ರಿಲಿನಲ್ಲಿ ಶಿವಪುರದಲ್ಲಿ ಧ್ವಜಸತ್ಯಾಗ್ರಹವು ನಡೆಯಿತು. ಮರುವರ್ಷ ಮಂಡ್ಯವು ಪ್ರತ್ಯೇಕ ಜಿಲ್ಲೆಯಾಯಿತು. ಕೃತಜ್ಞತೆಯೂ ಪ್ರತಿಭಟನೆಯೂ ಇಲ್ಲಿ ಪರಸ್ಪರ ವಿರುದ್ಧವಾಗಲಿಲ್ಲ.

ಆದುದರಿಂದ ಏಕೀಕರಣದ ಚರ್ಚೆಯಲ್ಲಿ ಹಳೆಯ ಮೈಸೂರಿನ ಹಲವರು ತೋರಿದ ಹಿಂಜರಿಕೆಯನ್ನು ಭಾಷಾದ್ರೋಹವೆಂದು ಜರೆಯುವುದು ಸಾಧುವಲ್ಲ. ಹಿಂಜರಿದವರೂ, ಏಕೀಕರಣವನ್ನು ಎತ್ತಿಹಿಡಿದ ಕೆಂಗಲ್ ಹನುಮಂತಯ್ಯನವರೂ ಅದೇ ಮಣ್ಣಿನವರು. ಅಭಿಮಾನವು ಇಬ್ಬರಿಗೂ ಸಮಾನ. ಭೇದವಿದ್ದುದು ನಾಡೆಂಬ ಪದದ ವ್ಯಾಪ್ತಿಯಲ್ಲಿ. ಹಾಗೆಂದು ಕಿರಿಯ ಅರ್ಥವನ್ನೇ ಹಿಡಿದು ಹಿರಿಯದನ್ನು ಬಿಡುವುದೂ ಯುಕ್ತವಲ್ಲ. ಆಗ ಬೀದರದ ಕನ್ನಡಿಗನು ಮಂಡ್ಯದವನಿಗೆ ಪರಕೀಯನಾಗುವನು.

1956ರ ನವೆಂಬರ್ 1ರಂದು ಮೈಸೂರೆಂಬ ಹಳೆಯ ಹೆಸರಿನಲ್ಲಿಯೇ ಪ್ರದೇಶಗಳು ಕೂಡಿದುವು. ಕರ್ನಾಟಕವೆಂಬ ಹೆಸರು 1973ರಲ್ಲಿ ಬಂದಿತು. ಹೆಸರಿಗೇ ಹದಿನೇಳು ವರ್ಷಗಳು ಬೇಕಾದುವೆಂದ ಮೇಲೆ ಮನಸ್ಸುಗಳ ಕೂಟಕ್ಕೆ ಇನ್ನಷ್ಟು ತಾಳ್ಮೆ ಬೇಕೆಂಬುದು ಸ್ಪಷ್ಟ. ‘ಗತವೈಭವ’ದ ಓದಿಗೆ ಆತಕೂರಿನ ಕಲ್ಲು ತಕ್ಕ ಪೂರಕವಾಗಿದೆ.