ಕಾರಿನ ಬಾಗಿಲು ಯಾರ ಮಾತು ಕೇಳಬೇಕು

ಹೊಸ ಕಾರಿನ ಬ್ರೋಷರಿನಲ್ಲಿ ಕೆಳಗಿನ ವೇರಿಯೆಂಟಿಗೂ ಮೇಲಿನದಕ್ಕೂ ಇರುವ ವ್ಯತ್ಯಾಸ ನೋಡುತ್ತ ಹೋದರೆ, ಕೀಲೆಸ್ ಎಂಟ್ರಿ ಮತ್ತು ಪುಶ್ ಬಟನ್ ಸ್ಟಾರ್ಟ್ ಸಾಮಾನ್ಯವಾಗಿ ಮೇಲಿನ ವೇರಿಯೆಂಟಿನ ಪಾಲಿಗೇ ಬಂದಿರುತ್ತವೆ. ಕೀಯನ್ನು ಜೇಬಿನಿಂದ ತೆಗೆಯಬೇಕಿಲ್ಲ. ಹ್ಯಾಂಡಲ್ ಮೇಲಿನ ಪುಟ್ಟ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ, ಬ್ರೇಕ್ ತುಳಿದು ಇನ್ನೊಂದು ಗುಂಡಿ ಒತ್ತಿದರೆ ಎಂಜಿನ್ ಸ್ಟಾರ್ಟ್ ಆಗುತ್ತದೆ. ಇದನ್ನು ಸುರಕ್ಷತೆಯ ಸೌಲಭ್ಯಗಳ ಸಾಲಿನಲ್ಲೇ ಇಟ್ಟು ಮಾರುತ್ತಾರೆ, ನಾವೂ ಹಾಗೆಂದೇ ನಂಬಿ ಹೆಚ್ಚು ಹಣ ಕೊಡುತ್ತೇವೆ. ಆದರೆ ಬೀಗವನ್ನು ಬೀಗವಾಗಿ ನೋಡಿದರೆ ಅದರಿಂದ ನಮಗೆ ಬೇಕಾದದ್ದು ಎರಡೇ. ಹೊರಗಿನ ಅಪರಿಚಿತನಿಗೆ ಅದು ತೆರೆಯಬಾರದು. ಒಳಗೆ ಸಿಕ್ಕಿಕೊಂಡವರಿಗೆ ಎಂಥ ಹೊತ್ತಿನಲ್ಲೂ ತೆರೆಯಬೇಕು. ಈ ಎರಡು ಅಳತೆಗಳಲ್ಲೂ ಕೀಲೆಸ್ ವ್ಯವಸ್ಥೆ ಅದಕ್ಕಿಂತ ಹಳೆಯದಾದ, ಗುಂಡಿ ಒತ್ತುವ ರಿಮೋಟ್ ಕೀಗಿಂತ ಕೆಳಗೇ ನಿಲ್ಲುತ್ತದೆ ಎಂಬುದು ನನ್ನ ತೀರ್ಮಾನ. ದೋಷ ಎಲೆಕ್ಟ್ರಾನಿಕ್ಸಿನದಲ್ಲ. ರಿಮೋಟ್ ಕೀ ಮಾಲೀಕರ ಅಪ್ಪಣೆಗೆ ಕಾಯುತ್ತದೆ. ಕೀಲೆಸ್ ವ್ಯವಸ್ಥೆ ಕೀ ಹತ್ತಿರದಲ್ಲಿರುವುದನ್ನೇ ಅಪ್ಪಣೆ ಎಂದುಕೊಳ್ಳುತ್ತದೆ. ಅದರ ತೊಂದರೆಗಳೆಲ್ಲ ಹುಟ್ಟುವುದು ಇಲ್ಲಿಂದ.

ಎಲೆಕ್ಟ್ರಾನಿಕ್ಸ್ ಕಾರಿನ ಕಾವಲಿಗೆ ಕೊಟ್ಟ ಅತಿ ದೊಡ್ಡ ಕೊಡುಗೆಯನ್ನು ಮೊದಲು ಹೇಳಬೇಕು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ, ಯಾವ ಸೇಲ್ಸ್‌ಮನ್ನೂ ಅದನ್ನು ತೋರಿಸುವುದಿಲ್ಲ. ಅದು ಇಮ್ಮೊಬಿಲೈಸರ್. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಬ್ಯಾಟರಿಯ ಹಂಗಿಲ್ಲದ ಒಂದು ಸಣ್ಣ ಚಿಪ್ ಇರುತ್ತದೆ. ಇಗ್ನಿಷನ್ ಸುತ್ತಲಿನ ತಂತಿಯ ಸುರುಳಿಯಿಂದಲೇ ಶಕ್ತಿ ಪಡೆದು ಅದು ತನ್ನ ಗುರುತು ಹೇಳುತ್ತದೆ. ಗುರುತು ತಾಳೆಯಾಗದಿದ್ದರೆ ಕೀಯ ಹಲ್ಲುಗಳು ಎಷ್ಟೇ ಸರಿಯಾಗಿ ಕೂತರೂ ಎಂಜಿನ್ ಓಡುವುದಿಲ್ಲ. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಇದು ಕಡ್ಡಾಯ, ಕೆನಡಾದಲ್ಲಿ 2007ರಿಂದ. ಅಮೆರಿಕ ಕಡ್ಡಾಯ ಮಾಡಲಿಲ್ಲ. ಅಲ್ಲಿ 2015ರ ಮಾದರಿಗಳಲ್ಲಿ ಇತರ ಕಂಪನಿಗಳ ಶೇ 96ರಷ್ಟು ಕಾರುಗಳಿಗೆ ಇಮ್ಮೊಬಿಲೈಸರ್ ಮಾಮೂಲಾಗಿ ಬರುತ್ತಿದ್ದರೆ, ಹ್ಯುಂಡೈ ಮತ್ತು ಕಿಯಾದಲ್ಲಿ ಶೇ 26ಕ್ಕೆ ಮಾತ್ರ ಇತ್ತು. ಸ್ಟಿಯರಿಂಗ್ ಕೆಳಗಿನ ಪ್ಲಾಸ್ಟಿಕ್ ಕಿತ್ತು, ಬೀಗದ ತುದಿಯನ್ನು ಯುಎಸ್‌ಬಿ ಕೇಬಲ್ಲಿನಿಂದ ತಿರುಗಿಸಿದರೆ ಕಾರು ಹೊರಡುತ್ತದೆ ಎಂಬ ವಿಡಿಯೊಗಳು ಹರಡಿದ ಮೇಲೆ ಹದಿಹರೆಯದ ಹುಡುಗರೂ ಕಾರು ಕದಿಯತೊಡಗಿದರು. 2023ರ ಫೆಬ್ರುವರಿಯಲ್ಲಿ ಅಮೆರಿಕದ ಸಂಚಾರ ಸುರಕ್ಷತಾ ಸಂಸ್ಥೆ, ಈ ಕಳವುಗಳಿಗೆ ಸಂಬಂಧಿಸಿದ ಅಪಘಾತಗಳಲ್ಲಿ 8 ಮಂದಿ ಸತ್ತಿದ್ದಾರೆ ಎಂದಿತು. ಸುಮಾರು 83 ಲಕ್ಷ ಕಾರುಗಳಿಗೆ ಸಾಫ್ಟ್‌ವೇರ್ ಬದಲಾವಣೆ ಬೇಕಾಯಿತು. ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಕಳ್ಳರ ಪಾಲಾದದ್ದು ಕೀ ತಿರುಗಿಸುವ ಮಾದರಿಗಳು, ಅದೇ ಕಂಪನಿಗಳ ಪುಶ್ ಬಟನ್ ಕಾರುಗಳು ಈ ಉಪಾಯಕ್ಕೆ ಬಗ್ಗಲಿಲ್ಲ, ಹಾಗಾದರೆ ಹೊಸದೇ ಮೇಲಲ್ಲವೇ? ಅಲ್ಲ. ಪುಶ್ ಬಟನ್ ಕಾರುಗಳಲ್ಲಿ ಇಮ್ಮೊಬಿಲೈಸರ್ ಇತ್ತು, ಇವುಗಳಲ್ಲಿ ಇರಲಿಲ್ಲ. ಕಾಪಾಡಿದ್ದು ಗುಂಡಿಯಲ್ಲ, ಚಿಪ್ಪು. ಅದೇ ಚಿಪ್ಪನ್ನು ತಿರುಗಿಸುವ ಕೀಯಲ್ಲಿ ಇಡಲು ಯಾವ ಅಡ್ಡಿಯೂ ಇಲ್ಲ. ಉಳಿದ ಕಂಪನಿಗಳು ಅದನ್ನೇ ಮಾಡಿದ್ದವು.

ಇನ್ನು ರಿಮೋಟ್ ಕೀ. ಅನ್‌ಲಾಕ್ ಗುಂಡಿ ಒತ್ತಿದಾಗಲೆಲ್ಲ ಅದು ಬೇರೆಯೇ ಸಂಕೇತ ಕಳಿಸುತ್ತದೆ, ಒಮ್ಮೆ ಬಳಸಿದ್ದನ್ನು ಕಾರು ಮತ್ತೆ ಒಪ್ಪುವುದಿಲ್ಲ. ಹಾಗಾಗಿ ಯಾರೋ ದೂರದಲ್ಲಿ ಕೂತು ನಿಮ್ಮ ಸಂಕೇತವನ್ನು ಹಿಡಿದಿಟ್ಟುಕೊಂಡರೂ ಆಮೇಲೆ ಅದು ಕೆಲಸಕ್ಕೆ ಬಾರದು. ಇದು ಅಭೇದ್ಯ ಎಂದು ನಾನು ಹೇಳುತ್ತಿಲ್ಲ. ಫೋಕ್ಸ್‌ವ್ಯಾಗನ್ ಸಮೂಹ 1995ರಿಂದ ಮಾರಿದ ಸುಮಾರು 10 ಕೋಟಿ ಕಾರುಗಳ ರಿಮೋಟುಗಳು ಕೈಬೆರಳೆಣಿಕೆಯ ಮೂಲ ಕೀಲಿಸಂಖ್ಯೆಗಳ ಮೇಲೆ ನಿಂತಿವೆ ಎಂದು 2016ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜರ್ಮನ್ ಸಹೋದ್ಯೋಗಿಗಳು ತೋರಿಸಿಕೊಟ್ಟರು. ಆ ಸಂಖ್ಯೆ ಗೊತ್ತಿದ್ದವರು ಒಂದೇ ಸಲ ಗುಂಡಿಯ ಸಂಕೇತ ಹಿಡಿದರೆ ರಿಮೋಟನ್ನೇ ನಕಲು ಮಾಡಬಹುದಿತ್ತು. ಪಾರ್ಕಿಂಗ್ ಜಾಗದಲ್ಲಿ ಜಾಮರ್ ಇಟ್ಟು, ನೀವು ಲಾಕ್ ಒತ್ತಿದ್ದು ಕಾರಿಗೆ ಕೇಳಿಸದಂತೆ ಮಾಡುವುದು ಇನ್ನೂ ಸುಲಭ. ಆದರೆ ಈ ದಾಳಿಗಳ ಒಂದು ಲಕ್ಷಣ ಗಮನಿಸಬೇಕು. ಮಾಲೀಕರು ಗುಂಡಿ ಒತ್ತುವ ಆ ಕ್ಷಣಕ್ಕೆ ಕಳ್ಳ ಹತ್ತಿರದಲ್ಲೇ ಕಾದಿರಬೇಕು. ಅಲ್ಲದೆ ಆ ಕ್ಷಣದಲ್ಲಿ ಮಾಲೀಕರ ಕಣ್ಣು ಕಾರಿನ ಮೇಲೇ ಇರುತ್ತದೆ. ಲಾಕ್ ಒತ್ತಿದರೆ ಇಂಡಿಕೇಟರು ಮಿನುಗುತ್ತದೆ, ಕೆಲವು ಮಾದರಿಗಳಲ್ಲಿ ಕನ್ನಡಿಗಳು ಮಡಚಿಕೊಳ್ಳುತ್ತವೆ, ಟಕ್ ಎಂದು ನಾಲ್ಕೂ ಬಾಗಿಲುಗಳ ಸದ್ದು ಕೇಳುತ್ತದೆ. ಮಿನುಗದಿದ್ದರೆ ಏನೋ ಸರಿಯಿಲ್ಲ ಎಂದು ತಿಳಿಯುತ್ತದೆ, ಹಿಂತಿರುಗಿ ಹೋಗಿ ಹ್ಯಾಂಡಲ್ ಎಳೆದು ನೋಡಬಹುದು. ದೂರ ನಡೆದಂತೆ ತಾನೇ ಲಾಕ್ ಆಗುವ ಮಾದರಿಗಳಲ್ಲಿ ಈ ಪರೀಕ್ಷೆಯ ಅಭ್ಯಾಸವೇ ತಪ್ಪಿಹೋಗುತ್ತದೆ, ಏಕೆಂದರೆ ಅಲ್ಲಿ ನಾವು ಏನನ್ನೂ ಮಾಡಿರುವುದಿಲ್ಲ.

ಕೀಲೆಸ್ ಮೇಲಿನ ದಾಳಿಗೆ ಮಾಲೀಕರು ಎಚ್ಚರವಾಗಿರಬೇಕೆಂದೂ ಇಲ್ಲ. ಕಾರು ಕಡಿಮೆ ಕಂಪನಾಂಕದ, ಒಂದೆರಡು ಮೀಟರ್ ಮಾತ್ರ ಹೋಗುವ ಸಂಕೇತದಿಂದ ಕೀಯನ್ನು ಕರೆಯುತ್ತದೆ, ಕೀ ಓಗೊಡುತ್ತದೆ, ಓಗೊಟ್ಟಿತೆಂದರೆ ಹತ್ತಿರದಲ್ಲೇ ಇದೆ ಎಂದು ಕಾರು ನಂಬುತ್ತದೆ. ಇಬ್ಬರು ಕಳ್ಳರಲ್ಲಿ ಒಬ್ಬ ಕಾರಿನ ಪಕ್ಕ, ಇನ್ನೊಬ್ಬ ಮನೆಯ ಬಾಗಿಲಿನ ಪಕ್ಕ ಆಂಟೆನಾ ಹಿಡಿದು ನಿಂತು ಈ ಕರೆ ಮತ್ತು ಉತ್ತರವನ್ನು ಅತ್ತಿಂದಿತ್ತ ದಾಟಿಸಿದರೆ ಮುಗಿಯಿತು. ಒಳಗೆ ಟಿವಿ ಸ್ಟ್ಯಾಂಡಿನ ಮೇಲೋ ಶೂ ರ‍್ಯಾಕಿನ ಮೇಲೋ ಮಲಗಿರುವ ಕೀ ಉತ್ತರ ಕೊಡುತ್ತದೆ, ಹೊರಗೆ ಕಾರು ಸ್ಟಾರ್ಟ್ ಆಗುತ್ತದೆ. ಯಾವ ಗೂಢಲಿಪಿಯನ್ನೂ ಭೇದಿಸಿಲ್ಲ, ಯಾವ ಗಾಜನ್ನೂ ಒಡೆದಿಲ್ಲ. ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು 2011ರಲ್ಲಿ 8 ಕಂಪನಿಗಳ 10 ಮಾದರಿಗಳನ್ನು ಹೀಗೆ ಪರೀಕ್ಷಿಸಿದರು. ಹತ್ತೂ ಸೋತವು. ಅಂದರೆ ದೋಷ ಯಾವುದೋ ಒಂದು ಕಂಪನಿಯ ಅಜಾಗರೂಕತೆಯದಲ್ಲ, ಹತ್ತಿರವಿರುವುದೇ ಒಪ್ಪಿಗೆ ಎಂಬ ಕಲ್ಪನೆಯದೇ. ನಂತರದ ವರ್ಷಗಳಲ್ಲಿ ಜರ್ಮನಿಯ ವಾಹನ ಚಾಲಕರ ಸಂಘ ಎಡಿಎಸಿ ನೂರಾರು ಮಾದರಿಗಳ ಮೇಲೆ ಇದೇ ಪ್ರಯೋಗ ಮಾಡಿತು; ಬಹುಪಾಲು ತೆರೆದವು.

ಪರಿಹಾರ ಬಂದಿದೆಯಲ್ಲ ಎನ್ನಬಹುದು. ಬಂದಿದೆ. ಅಲ್ಟ್ರಾ ವೈಡ್‌ಬ್ಯಾಂಡ್ ತಂತ್ರದಲ್ಲಿ ಸಂಕೇತ ಹೋಗಿಬರಲು ಹಿಡಿದ ಕಾಲವನ್ನೇ ಕಾರು ಅಳೆಯುತ್ತದೆ. ಬೆಳಕಿನ ವೇಗದಲ್ಲಿ ಒಂದು ನ್ಯಾನೊ ಸೆಕೆಂಡಿಗೆ 30 ಸೆಂಟಿಮೀಟರ್ ದೂರ, ಆದ್ದರಿಂದ ನಡುವೆ ಯಾರಾದರೂ ಸಂಕೇತ ದಾಟಿಸಿದರೆ ತಡವಾದದ್ದು ಗೊತ್ತಾಗುತ್ತದೆ. ಅಲುಗದೆ ಬಿದ್ದಿರುವ ಕೀ ಸ್ವಲ್ಪ ಹೊತ್ತಿಗೆ ನಿದ್ದೆ ಹೋಗುವಂತೆ ಕೀಯೊಳಗೆ ಚಲನೆಯ ಸೆನ್ಸರ್ ಇಡುವುದು ಇನ್ನೊಂದು ದಾರಿ. ಎರಡೂ ಒಳ್ಳೆಯ ಕೆಲಸ. ಆದರೆ ನಮ್ಮ ಸಾಮಾನ್ಯ ಖರೀದಿದಾರರು ಷೋರೂಮಿನಲ್ಲಿ ನೋಡುವ ಕಾರಿನಲ್ಲಿ ಇವುಗಳಲ್ಲಿ ಯಾವುದಿದೆ ಎಂದು ಬ್ರೋಷರು ಹೇಳುವುದಿಲ್ಲ. ಎಲ್ಲದಕ್ಕೂ ಕೀಲೆಸ್ ಎಂಬ ಒಂದೇ ಹೆಸರು. ನಮ್ಮಲ್ಲಿ ಇದಕ್ಕೆ ಇನ್ನೊಂದು ತೊಡಕೂ ಇದೆ: ಕಾರು ಕಳವಾದರೆ ವಿಮಾ ಕಂಪನಿಗಳು ಸಾಮಾನ್ಯವಾಗಿ ಎರಡೂ ಕೀಗಳನ್ನು ಒಪ್ಪಿಸಲು ಹೇಳುತ್ತವೆ, ಮಾಲೀಕರು ಅಜಾಗರೂಕರಾಗಿದ್ದರೇ ಎಂದು ನೋಡುತ್ತವೆ. ಗಾಜಿನ ಚೂರಾಗಲಿ ಮುರಿದ ಬೀಗವಾಗಲಿ ಇಲ್ಲದ ಕಳವಿನಲ್ಲಿ ತಾನು ಬೀಗ ಹಾಕಿದ್ದೆ ಎಂದು ಹೇಳಲು ಮಾಲೀಕರ ಬಳಿ ಏನೂ ಉಳಿದಿರುವುದಿಲ್ಲ.

ಕೀಲೆಸ್ ಪರವಾದ ಗಟ್ಟಿಯಾದ ವಾದ ಬೇರೆಯೇ ಇದೆ, ಅದನ್ನು ತಳ್ಳಿಹಾಕಲಾಗದು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ತರಕಾರಿ ಚೀಲ ಹಿಡಿದವರಿಗೆ, ಸಂಧಿವಾತದಿಂದ ಬೆರಳು ಮಡಚಲಾಗದ ಹಿರಿಯರಿಗೆ, ರಾತ್ರಿ ನಿರ್ಜನ ಬೇಸ್‌ಮೆಂಟಿನಲ್ಲಿ ಕಾರಿನತ್ತ ಒಬ್ಬಂಟಿಯಾಗಿ ನಡೆಯುವ ಹೆಣ್ಣುಮಕ್ಕಳಿಗೆ ಕೀ ಹುಡುಕುವ ಆ ಕೆಲವು ಸೆಕೆಂಡುಗಳು ದೊಡ್ಡವು. ಹಿರಿಯರ ಮಟ್ಟಿಗೆ ಈ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಬೇಸ್‌ಮೆಂಟಿನ ಮಾತು ಬಂದಾಗ ಒಪ್ಪುವುದು ಕಷ್ಟ. ಅನೇಕ ರಿಮೋಟುಗಳಲ್ಲಿ ಗುಂಡಿಯನ್ನು ಒಮ್ಮೆ ಒತ್ತಿದರೆ ಚಾಲಕರ ಬಾಗಿಲು ಮಾತ್ರ, ಎರಡನೇ ಸಲ ಒತ್ತಿದರೆ ಉಳಿದವು ತೆರೆಯುವಂತೆ ಸೆಟ್ಟಿಂಗ್ ಇದೆ. ಹತ್ತು ಹೆಜ್ಜೆ ದೂರದಿಂದಲೇ ದೀಪ ಮಿನುಗಿಸಿ ಕಾರು ಎಲ್ಲಿದೆ ಎಂದು ನೋಡಬಹುದು, ಬೇಕಾದರೆ ಪ್ಯಾನಿಕ್ ಗುಂಡಿಯಿಂದ ಹಾರ್ನ್ ಕೂಗಿಸಬಹುದು. ಈ ಅನುಕೂಲಗಳೆಲ್ಲ ಗುಂಡಿಯಿರುವ ಕೀಯವು. ಕೀಲೆಸ್ ಅದರ ಮೇಲೆ ಸೇರಿಸಿದ್ದು ಜೇಬಿಗೆ ಕೈ ಹಾಕುವ ಶ್ರಮ ಉಳಿಸಿದ್ದು ಮಾತ್ರ.

ಅಲಾರಮ್ಮಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದೀಪಾವಳಿಯ ರಾತ್ರಿ ಒಂದು ಬೀದಿಯಲ್ಲಿ ನಿಂತು ಕೇಳಿದರೆ ಸಾಕು: ಪಟಾಕಿಯ ಸದ್ದಿಗೆ ಸಾಲು ಕಾರುಗಳು ಕೂಗುತ್ತವೆ, ಒಬ್ಬರೂ ಹೊರಗೆ ಬಂದು ನೋಡುವುದಿಲ್ಲ. ಸುಳ್ಳು ಕೂಗಿಗೆ ಒಗ್ಗಿದ ಕಿವಿ ನಿಜವಾದ ಕೂಗಿಗೂ ತಿರುಗುವುದಿಲ್ಲ. ಹೊರಗಿನ ಅಂಗಡಿಯಲ್ಲಿ ಹಾಕಿಸುವ ಅಲಾರಮ್ಮಿಗೆ ಕೊಡುವ ಹಣದಲ್ಲಿ ಒಂದು ಗೇರ್ ಲಾಕ್ ಹಾಕಿಸುವುದು ಎಷ್ಟೋ ಮೇಲು. ಕಾರಿನ ದೋಷ ಪತ್ತೆಗೆಂದು ಇರುವ ಒಬಿಡಿ ಪೋರ್ಟಿಗೆ ಸಾಧನ ಸಿಕ್ಕಿಸಿ ಹೊಸ ಕೀ ಪ್ರೋಗ್ರಾಂ ಮಾಡಿಕೊಳ್ಳುವ ಕಳ್ಳನಿಗೂ ಆ ಉಕ್ಕಿನ ಸರಳನ್ನು ಕೊಯ್ಯದೆ ದಾರಿಯಿಲ್ಲ.

ಇಷ್ಟೂ ಹೊತ್ತು ಹೇಳಿದ್ದು ಆಸ್ತಿಯ ಮಾತು. ಒಳಗಿರುವವರ ಮಾತು ಇದಕ್ಕಿಂತ ಗುರುತರವಾದದ್ದು, ನಮ್ಮ ಕಾರು ವಿಮರ್ಶೆಗಳು ಮುಟ್ಟದೇ ಬಿಡುವುದೂ ಅದನ್ನೇ. 2019ರ ಜುಲೈ 1ರಿಂದ ಭಾರತದಲ್ಲಿ ಹೊಸ ಕಾರುಗಳಿಗೆ ಚಾಲಕರ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ, ಗಂಟೆಗೆ 80 ಕಿ.ಮೀ. ದಾಟಿದಾಗ ಬೀಪ್, ಹಿಂಬದಿ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದವು. ಆ ಪಟ್ಟಿಯ ಇನ್ನೊಂದು ಅಂಶವನ್ನು ಹೆಚ್ಚಿನವರು ಗಮನಿಸಿಯೇ ಇಲ್ಲ: ವಿದ್ಯುತ್ ಕೈಕೊಟ್ಟಾಗ ಸೆಂಟ್ರಲ್ ಲಾಕಿಂಗನ್ನು ಕೈಯಿಂದಲೇ ಬಿಡಿಸುವ ವ್ಯವಸ್ಥೆ. ಆ ನಿಯಮ ಬರೆದವರು ಬೀಗದ ಎರಡನೇ ಅಳತೆಯನ್ನು ಸರಿಯಾಗಿ ಹಿಡಿದಿದ್ದರು. ಮಳೆನೀರು ತುಂಬಿದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಪ್ರಯಾಣಿಕರೊಬ್ಬರು ಸತ್ತದ್ದನ್ನು ಬೆಂಗಳೂರು 2023ರ ಮೇ ತಿಂಗಳಲ್ಲಿ, ವಿಧಾನಸೌಧದ ಕೂಗಳತೆಯಲ್ಲೇ ಕಂಡಿತು. ಕಾರಿನಿಂದ ಹೊರಗೆ ಬರುವುದು ಹೇಗೆ ಎಂಬುದು ಈ ಊರಿಗೆ ಪುಸ್ತಕದ ಪ್ರಶ್ನೆಯಲ್ಲ. ಅಮೆರಿಕದಲ್ಲಿ 2021ರ ಟೆಸ್ಲಾ ಮಾಡೆಲ್ ವೈ ಕಾರುಗಳ ಮೇಲೆ 2025ರಲ್ಲಿ ತನಿಖೆ ಶುರುವಾದದ್ದೂ ಇದಕ್ಕೇ. 12 ವೋಲ್ಟ್ ಬ್ಯಾಟರಿ ಸೊರಗಿದಾಗ ಹೊರಗಿನ ಹ್ಯಾಂಡಲ್ ಕೆಲಸ ಮಾಡದೆ, ಮಕ್ಕಳು ಒಳಗೆ ಉಳಿದು, ಕೆಲವು ಪೋಷಕರು ಗಾಜು ಒಡೆಯಬೇಕಾಯಿತು.

ಮಗು ಒಳಗೆ ಉಳಿದರೆ ಸಮಯ ಎಷ್ಟು ಕಡಿಮೆ ಎಂಬುದನ್ನು ಅಂಕಿಗಳಲ್ಲೇ ಹೇಳಬೇಕು. 2005ರಲ್ಲಿ ಅಮೆರಿಕದ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಹೊರಗೆ 22ರಿಂದ 36 ಡಿಗ್ರಿ ಸೆಲ್ಸಿಯಸ್ ಇದ್ದ ದಿನಗಳಲ್ಲಿ ಮುಚ್ಚಿದ ಕಾರಿನೊಳಗಿನ ಶಾಖ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿಯಷ್ಟು ಏರಿತು, ಆ ಏರಿಕೆಯ ಶೇ 80ರಷ್ಟು ಮೊದಲ ಅರ್ಧ ಗಂಟೆಯಲ್ಲೇ ಆಯಿತು. ಕಿಟಕಿಯನ್ನು ಸ್ವಲ್ಪ ಇಳಿಸಿಟ್ಟದ್ದರಿಂದ ಹೆಚ್ಚೇನೂ ಬದಲಾಗಲಿಲ್ಲ. ಬೆಂಗಳೂರಿನ ತಂಪು ಎಂದು ನಾವು ಹೇಳಿಕೊಳ್ಳುವ ದಿನಗಳೂ ಈ ಲೆಕ್ಕದೊಳಗೇ ಬರುತ್ತವೆ. ಕಲಬುರಗಿ, ರಾಯಚೂರುಗಳ ಏಪ್ರಿಲ್ ಇದನ್ನೂ ಮೀರುತ್ತದೆ. ಇಂಥಲ್ಲಿ ತಾನೇ ನಿರ್ಧರಿಸುವ ಬೀಗ ಅಪಾಯಕಾರಿ. ಅನ್‌ಲಾಕ್ ಒತ್ತಿ ಸುಮಾರು 30 ಸೆಕೆಂಡು ಯಾವ ಬಾಗಿಲೂ ತೆರೆಯದಿದ್ದರೆ ಮತ್ತೆ ಲಾಕ್ ಆಗುವ ಸೌಲಭ್ಯ ಕಳ್ಳರ ಮಟ್ಟಿಗೆ ಒಳ್ಳೆಯದೇ, ಆದರೆ ಈಗಷ್ಟೇ ತೆರೆದಿಟ್ಟೆ ಎಂದು ನಂಬಿದವರನ್ನು ಅದು ಮೋಸಗೊಳಿಸುತ್ತದೆ. ಒಳಗಿನ ಹ್ಯಾಂಡಲ್ ಎಳೆದರೆ ಬೀಗ ಬಿಡುವ ಮಾದರಿಗಳಲ್ಲೂ ಹಿಂದಿನ ಬಾಗಿಲಿಗೆ ಚೈಲ್ಡ್ ಲಾಕ್ ಹಾಕಿದ್ದರೆ ಅದು ತೆರೆಯದು. ಮುಂದಿನ ಸೀಟಿಗೆ ದಾಟಿ ಬರಬೇಕೆಂದು, ಹಾರ್ನ್ ಒತ್ತಬೇಕೆಂದು ಮಗುವಿಗೆ ಯಾರಾದರೂ ಮೊದಲೇ ಹೇಳಿಕೊಟ್ಟಿರಬೇಕು. ಅನೇಕ ಕಾರುಗಳಲ್ಲಿ ಎಂಜಿನ್ ಆಫ್ ಆಗಿದ್ದರೂ ಹಾರ್ನ್ ಕೂಗುತ್ತದೆ.

ಕೀ ತಿರುಗಿಸಿ ಹೊರಗೆ ಎಳೆದುಕೊಳ್ಳುವ ಕ್ರಿಯೆ ಇನ್ನೊಂದು ಕೆಲಸ ಮಾಡುತ್ತಿತ್ತು: ಎಂಜಿನ್ ನಿಂತಿದೆ ಎಂಬುದಕ್ಕೆ ಕೈಯಲ್ಲಿರುವ ಕೀಯೇ ಪುರಾವೆ. ಕೀಲೆಸ್ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಕೀ ಜೇಬಿನಲ್ಲಿಟ್ಟುಕೊಂಡು ಮನೆಯೊಳಗೆ ಹೋಗಬಹುದು. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಹೀಗೆ ಓಡುತ್ತಲೇ ಉಳಿದ ಕಾರಿನ ಕಾರ್ಬನ್ ಮೊನಾಕ್ಸೈಡಿಗೆ ಅಮೆರಿಕದಲ್ಲಿ 2006ರಿಂದ ಎರಡು ಡಜನ್‌ಗಿಂತ ಹೆಚ್ಚು ಮಂದಿ ಬಲಿಯಾಗಿದ್ದಾರೆಂದು ನ್ಯೂಯಾರ್ಕ್ ಟೈಮ್ಸ್ 2018ರಲ್ಲಿ ವರದಿ ಮಾಡಿತು. ಇಂಥ ಕಾರುಗಳ ಎಂಜಿನ್ ನಿಗದಿತ ಹೊತ್ತಿನ ನಂತರ ತಾನೇ ಆಫ್ ಆಗುವಂತೆ ನಿಯಮ ತರಬೇಕೆಂದು ಅಲ್ಲಿನ 2021ರ ಕಾಯ್ದೆ ಹೇಳಿತು. ಮಾಲೀಕರ ಕೈಯಿಂದ ಒಂದು ಕ್ರಿಯೆಯನ್ನು ಕಿತ್ತುಕೊಂಡು, ಅದರಿಂದಾದ ತೆರವನ್ನು ಇನ್ನೊಂದು ಸ್ವಯಂಚಾಲನೆಯಿಂದ ತುಂಬಬೇಕಾಯಿತು.

ಇಷ್ಟಾದರೂ ಡೆಲಿವರಿಯ ದಿನ ನಮಗೆ ಸಿಗುವುದು ಚಕ್ರದಡಿಯ ನಿಂಬೆಹಣ್ಣು, ಹಾರ, ಫೋಟೊಗೆ ಹಿಡಿಯುವ ದೊಡ್ಡ ರಟ್ಟಿನ ಕೀ. ಕೀಯ ಬೆನ್ನಿನ ಸಣ್ಣ ಗುಂಡಿ ಜಾರಿಸಿದರೆ ಹೊರಬರುವ ಲೋಹದ ಕೀಯನ್ನು, ಅದು ಕೂರುವ ರಂಧ್ರ ಬಾಗಿಲಿನ ಯಾವ ಮುಚ್ಚಳದ ಹಿಂದಿದೆ ಎಂಬುದನ್ನು, ಕೀಯ ಬ್ಯಾಟರಿ ಸತ್ತರೆ ಇಡೀ ಕೀಯನ್ನೇ ಸ್ಟಾರ್ಟ್ ಗುಂಡಿಗೆ ತಾಗಿಸಿ ಒತ್ತಬೇಕಾದದ್ದನ್ನು, ಕೈಯಿಂದ ಬೀಗ ಬಿಡಿಸುವ ವಿಧಾನವನ್ನು ತೋರಿಸಲು ಐದು ನಿಮಿಷ ಸಾಕು. ಆ ಐದು ನಿಮಿಷವನ್ನು ಕೇಳಿ ಪಡೆಯುವುದು ಖರೀದಿದಾರರ ಹಕ್ಕು. ಆದರೆ ಖರೀದಿದಾರರ ಎಚ್ಚರವೊಂದೇ ಸಾಲದು. ಬ್ರಿಟನ್ನಿನ ಥ್ಯಾಚಮ್ ಸಂಸ್ಥೆ 2019ರಲ್ಲಿ ಹೊಸ ಕಾರುಗಳ ಬೀಗಕ್ಕೆ ದರ್ಜೆ ಕೊಡಲು ಆರಂಭಿಸಿ, ಮೊದಲ 11 ಮಾದರಿಗಳಲ್ಲಿ ಆರಕ್ಕೆ ಕಳಪೆ ಎಂದು ಬರೆಯಿತು. ಆ ಆರೂ ಸೋತದ್ದು ಕೀಲೆಸ್ ದೋಷದಿಂದಲೇ. ನಮ್ಮ ಭಾರತ್ ಎನ್‌ಸಿಎಪಿ 2023ರ ಅಕ್ಟೋಬರಿನಿಂದ ಡಿಕ್ಕಿಯಲ್ಲಿ ದೊಡ್ಡವರಿಗೂ ಮಕ್ಕಳಿಗೂ ಸಿಗುವ ರಕ್ಷಣೆಯನ್ನು ಅಳೆದು ನಕ್ಷತ್ರ ಕೊಡುತ್ತಿದೆ, ಜನ ಅದನ್ನು ನೋಡಿಯೇ ಕಾರು ಕೊಳ್ಳುವಷ್ಟು ಬದಲಾವಣೆಯೂ ಆಗಿದೆ. ಬೀಗಕ್ಕೂ ಅಂಥದೊಂದು ಪರೀಕ್ಷೆ ಬರಬೇಕು: ಸಂಕೇತ ದಾಟಿಸಿದರೆ ಕಾರು ತೆರೆಯುತ್ತದೆಯೇ, ಬ್ಯಾಟರಿಯ ತಂತಿ ಕಿತ್ತರೆ ನಾಲ್ಕೂ ಬಾಗಿಲು ಒಳಗಿಂದ ತೆರೆಯುತ್ತವೆಯೇ. ಅದು ಬರುವವರೆಗೆ ಕಂಪನಿಗಳು ಮಾಡಬಹುದಾದ ಖರ್ಚಿಲ್ಲದ ಕೆಲಸವೊಂದಿದೆ. ಕೆಲವು ಮಾದರಿಗಳಲ್ಲಿ ಕೀಲೆಸ್ ಭಾಗವನ್ನು ಮಾತ್ರ ಆಫ್ ಮಾಡಿ, ರಿಮೋಟಿನ ಗುಂಡಿಗಳನ್ನು ಹಾಗೆಯೇ ಬಳಸುವ ಸೆಟ್ಟಿಂಗ್ ಈಗಾಗಲೇ ಇದೆ. ಅದು ಪ್ರತಿ ಕಾರಿನಲ್ಲೂ ಇರಲಿ, ಕಾರು ಷೋರೂಮಿನಿಂದ ಹೊರಡುವಾಗ ಆಫ್ ಆಗಿಯೇ ಇರಲಿ, ಬೇಕೆನ್ನುವವರು ಆನ್ ಮಾಡಿಕೊಳ್ಳಲಿ.