ಪುಟ್ಟವರ ಬಿನ್ನಹ, ಲಿಂಕನ್‌ನ ಓಲೆ

ಅರಸನ ಮುಂದೆ ಅಹವಾಲು ಹೇಳಿಕೊಳ್ಳುವ ಪ್ರಜೆ ಜನಪದ ಕಥನಗಳಿಗೆ ಚಿರಪರಿಚಿತ. ಅಲ್ಲಿ ಅರಸ ಬೇಡಿದ್ದನ್ನು ಕೊಡುತ್ತಾನೆ, ಇಲ್ಲವೇ ಬೇಡಿದವರನ್ನು ದಂಡಿಸುತ್ತಾನೆ. ಬೇಡಿಕೆ ನ್ಯಾಯವಾದುದೆಂದು ಮನ್ನಿಸಿ, ಅದನ್ನು ಪೂರೈಸುವುದು ತನ್ನ ಅಳವಲ್ಲವೆಂದು ಒಪ್ಪಿಕೊಳ್ಳುವ ಅರಸ ಅಪರೂಪ. ಅಮೆರಿಕದ ಅಧ್ಯಕ್ಷ ಅಬ್ರಹಾಂ ಲಿಂಕನ್ 1864ರ ಏಪ್ರಿಲ್ 5ರಂದು ಬರೆದ ಕಿರು ಓಲೆ ಗಮನಾರ್ಹವಾಗುವುದು ಈ ಕಾರಣಕ್ಕೆ.

ಮಸಾಚುಸೆಟ್ಸ್ ರಾಜ್ಯದ ಕಾಂಕರ್ಡ್ ಊರಿನ 195 ಮಂದಿ ಬಾಲಕ ಬಾಲಕಿಯರು, ಗುಲಾಮ ಮಕ್ಕಳೆಲ್ಲರನ್ನೂ ಬಿಡುಗಡೆ ಮಾಡಬೇಕೆಂದು ಸಹಿ ಹಾಕಿ ಅಧ್ಯಕ್ಷನಿಗೆ ಬಿನ್ನಹ ಕಳುಹಿಸಿದ್ದರು. ಅದರ ತಲೆಬರಹ ಬರೆದಾಕೆ ಶಿಕ್ಷಣ ಸುಧಾರಕ ಹೊರೇಸ್ ಮಾನ್‌ನ ಮಡದಿ ಮೇರಿ ಮಾನ್. ತಲುಪಿಸಿದಾತ ಸೆನೆಟರ್ ಚಾರ್ಲ್ಸ್ ಸಮ್ನರ್. ಲಿಂಕನ್ ಉತ್ತರಿಸಿದ್ದು ಮೇರಿ ಮಾನ್‌ಗೆ. ಆ ಎಳೆಯ ಹೃದಯಗಳಲ್ಲಿ ನ್ಯಾಯವೂ ಅನುಕಂಪವೂ ತುಂಬಿರುವುದು ತನಗೆ ಸಂತೋಷ ತಂದಿದೆ. ಕೇಳಿದ್ದೆಲ್ಲವನ್ನೂ ಕೊಡುವ ಅಧಿಕಾರ ತನಗಿಲ್ಲ. ದೇವರಿಗಿದೆ, ಆತನ ಇಚ್ಛೆಯೂ ಅದೇ ಇದ್ದಂತಿದೆ. ಇದನ್ನು ಮಕ್ಕಳಿಗೆ ಹೇಳಿರೆಂದು ಆತ ಕೋರುತ್ತಾನೆ. ಹೀಗೆ ಈ ಓಲೆ ಬಾಯಿಮಾತಾಗಲೆಂದೇ ಬರೆದದ್ದು. ಓದುಗಳಿಗಿಂತ ಕೇಳುಗರನ್ನು ನೆಚ್ಚಿದ ಬರಹ.

ಮಕ್ಕಳೆಂದು ಲಿಂಕನ್ ಮಾತನ್ನು ಹಗುರ ಮಾಡಿದನೇ? ಹಿಂದಿನ ದಿನವಷ್ಟೇ, ಏಪ್ರಿಲ್ 4ರಂದು, ಕೆಂಟಕಿಯ ಪತ್ರಿಕಾ ಸಂಪಾದಕ ಆಲ್ಬರ್ಟ್ ಹಾಡ್ಜಸ್‌ಗೆ ಆತ ಬರೆದ ದೀರ್ಘ ಪತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಗುಲಾಮಗಿರಿ ತಪ್ಪೆಂಬುದು ತನ್ನ ನಂಬಿಕೆ, ಆದರೆ ಆ ನಂಬಿಕೆಯಂತೆ ನಡೆಯಲು ಅಧ್ಯಕ್ಷ ಪದವಿ ತನಗೆ ಅಂಕೆಯಿಲ್ಲದ ಹಕ್ಕು ಕೊಟ್ಟಿಲ್ಲ ಎಂಬುದು ಅಲ್ಲಿಯ ವಾದ. ಅದೂ ದೈವೇಚ್ಛೆಯ ಮಾತಿನಲ್ಲೇ ಮುಗಿಯುತ್ತದೆ. ಪ್ರೌಢ ಸಂಪಾದಕನಿಗೆ ಹೇಳಿದ್ದನ್ನೇ ಮಕ್ಕಳಿಗೂ ಹೇಳಿರುವುದರಿಂದ ಇಲ್ಲಿಯ ಸೌಜನ್ಯಕ್ಕೆ ತೂಕ ಬಂದಿದೆ. ಮೆಲುನುಡಿಯಷ್ಟೇ ಆಗಿದ್ದರೆ ಬರುತ್ತಿರಲಿಲ್ಲ. 1863ರ ಜನವರಿ 1ರ ವಿಮೋಚನಾ ಘೋಷಣೆ ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸಿತ್ತು. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಡೆಲವೇರ್‌ಗಳ ಗುಲಾಮರನ್ನು ಅದು ಮುಟ್ಟಿರಲಿಲ್ಲ. ಅಧಿಕಾರವಿಲ್ಲವೆಂಬ ಮಾತು ನೆಪವಲ್ಲ.

ಆದರೂ ಓಲೆ ಒಂದೆಡೆ ಜಾರಿಕೊಳ್ಳುತ್ತದೆ. ದೇವರಿಗೆ ಬಿಟ್ಟ ಆ ಕಾರ್ಯಕ್ಕೆ ಮನುಷ್ಯರ ದಾರಿಯೂ ಇತ್ತು. ಗುಲಾಮಗಿರಿಯನ್ನು ರದ್ದುಪಡಿಸುವ ಸಂವಿಧಾನ ತಿದ್ದುಪಡಿ ಸೆನೆಟ್‌ನ ಮುಂದಿತ್ತು; ಮೂರೇ ದಿನಗಳಲ್ಲಿ, ಏಪ್ರಿಲ್ 8ರಂದು, ಅಲ್ಲಿ ಅಂಗೀಕಾರವನ್ನೂ ಪಡೆಯಿತು. ಮಕ್ಕಳಿಗೆ ಆ ಸುಳಿವನ್ನು ಕೊಟ್ಟಿದ್ದರೆ ಅವರ ಬಿನ್ನಹ ರಾಜಕೀಯ ಕ್ರಿಯೆಯಾಗಿ ಮನ್ನಣೆ ಪಡೆಯುತ್ತಿತ್ತು. ಓಲೆ ಅದನ್ನು ಒಳ್ಳೆಯ ಮನಸ್ಸಿನ ಗುರುತಾಗಿ ಮಾತ್ರ ಸ್ವೀಕರಿಸಿತು. ತಿದ್ದುಪಡಿ ಊರ್ಜಿತವಾದದ್ದು 1865ರ ಡಿಸೆಂಬರ್ 6ರಂದು; ಅಷ್ಟರಲ್ಲಿ ಲಿಂಕನ್ ಹತನಾಗಿ ಏಳು ತಿಂಗಳು ಕಳೆದಿತ್ತು.

ಜನರ ನೆನಪು ಉಳಿಸಿಕೊಂಡಿದ್ದು ಬೇರೊಂದು ಪತ್ರವನ್ನು: ಗಡ್ಡ ಬಿಡಬೇಕೆಂದು 1860ರಲ್ಲಿ ಹನ್ನೊಂದರ ಹುಡುಗಿ ಗ್ರೇಸ್ ಬೆಡೆಲ್ ಬರೆದ ಕಾಗದ. ಅದು ಕಥೆಯಾಗಲು ಸುಲಭ. ಕಾಂಕರ್ಡ್ ಮಕ್ಕಳ ಬಿನ್ನಹದಲ್ಲಿ ಯಾರಿಗಾಗಿ ಬೇಡಲಾಯಿತೋ ಆ ಗುಲಾಮ ಮಕ್ಕಳ ಸಹಿ ಇರಲಿಲ್ಲ, ಓಲೆಯೂ ಅವರನ್ನು ಉದ್ದೇಶಿಸಿದ್ದಲ್ಲ. ಅವರ ಪೀಳಿಗೆಯ ದನಿ ವ್ಯಾಪಕವಾಗಿ ದಾಖಲಾದದ್ದು 1936ರಿಂದ 1938ರವರೆಗೆ, ಮಾಜಿ ಗುಲಾಮರ 2,300ಕ್ಕೂ ಹೆಚ್ಚು ನಿರೂಪಣೆಗಳನ್ನು ಸರ್ಕಾರದ ಲೇಖಕರ ಯೋಜನೆ ಸಂಗ್ರಹಿಸಿದಾಗ. ಆ ಮುದುಕ ಮುದುಕಿಯರಲ್ಲಿ ಕೆಲವರು ಹೇಳಿದ ಕಥೆಯಲ್ಲಿ ಲಿಂಕನ್ ಓಲೆ ಬರೆಯುವುದಿಲ್ಲ. ಮಾರುವೇಷ ಹಾಕಿಕೊಂಡು ತೋಟಗಳಿಗೆ ತಾನೇ ಬಂದು, ಅವರ ಪಾಡನ್ನು ಕಣ್ಣಾರೆ ಕಂಡು ಹೋಗುತ್ತಾನೆ.