ಜನಾಪೇಕ್ಷೆಯೂ ತಾಡವೋಲೆಯೂ

ರಾಷ್ಟ್ರೀಯ ಇತಿಹಾಸ ಸಂಗ್ರಹಾಲಯದಲ್ಲಿ ಏನನ್ನು ಪ್ರದರ್ಶಿಸಬೇಕು ಎಂಬ ಪ್ರಶ್ನೆಗೆ ‘ಜನರು ಬಯಸುವುದನ್ನು’ ಎಂಬ ಉತ್ತರ ಸುಲಭವಾಗಿ ದೊರೆಯುತ್ತದೆ. ನವದೆಹಲಿಯ ರಾಷ್ಟ್ರೀಯ ಸಂಗ್ರಹಾಲಯದ ಹುಟ್ಟೇ ಈ ಉತ್ತರಕ್ಕೆ ಬಲವನ್ನು ಕೊಡುವಂತಿದೆ. 1947-48ರ ಚಳಿಗಾಲದಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಭಾರತೀಯ ಕಲೆಯ ದೊಡ್ಡದೊಂದು ಪ್ರದರ್ಶನ ನಡೆಯಿತು. ಅದಕ್ಕಾಗಿ ನಾನಾ ಪ್ರಾಂತಗಳಿಂದ ಎರವಲು ತಂದಿದ್ದ ಶಿಲ್ಪ, ಚಿತ್ರ ಮೊದಲಾದವನ್ನು, ಸ್ವದೇಶಕ್ಕೆ ಮರಳಿದ ಮೇಲೆ, ಇಂದಿನ ರಾಷ್ಟ್ರಪತಿ ಭವನದಲ್ಲಿಯೂ ತೋರಿಸಲಾಯಿತು. ಅದಕ್ಕೆ ದೊರೆತ ಆದರವೇ ಸ್ಥಿರವಾದ ಸಂಗ್ರಹಾಲಯವೊಂದರ ಸ್ಥಾಪನೆಗೆ ಪ್ರೇರಣೆಯಾಯಿತು. 1949ರ ಆಗಸ್ಟ್ 15ರಂದು ಅದು ಅದೇ ಭವನದಲ್ಲಿ ಆರಂಭವಾಗಿ, 1960ರ ಡಿಸೆಂಬರಿನಲ್ಲಿ ಜನಪಥದ ತನ್ನ ಕಟ್ಟಡವನ್ನು ಸೇರಿತು. ನಾರ್ತ್ ಮತ್ತು ಸೌತ್ ಬ್ಲಾಕ್‌ಗಳಲ್ಲಿ ‘ಯುಗೇ ಯುಗೀನ ಭಾರತ’ ಎಂಬ ಹೆಸರಿನಿಂದ ಇನ್ನೂ ವಿಸ್ತಾರವಾದ ಸಂಗ್ರಹಾಲಯವನ್ನು ರೂಪಿಸುವ ಯೋಜನೆ 2023ರಲ್ಲಿ ಪ್ರಕಟವಾದ ಮೇಲೆ, ಹಳೆಯ ಪ್ರಶ್ನೆ ಮತ್ತೆ ತಲೆಯೆತ್ತಿದೆ. ಹಸ್ತಪ್ರತಿಗಳನ್ನು ಕಾಪಾಡಿಕೊಂಡು ಬಂದ ಸಮಾಜಕ್ಕೆ ಈ ಪ್ರಶ್ನೆ ಪರಕೀಯವಾದುದಲ್ಲ.

ಸಂಗ್ರಹಾಲಯಕ್ಕೆ ಬರುವ ಸಾಮಾನ್ಯ ಪ್ರೇಕ್ಷಕನು ಮೊದಲು ಅರಸುವುದು ತಾನು ಈಗಾಗಲೇ ಬಲ್ಲ ವಸ್ತುವನ್ನು. ಮೊಹೆಂಜೊದಾರೊವಿನ ಕಂಚಿನ ನರ್ತಕಿಯ ಎತ್ತರ ಹತ್ತೂವರೆ ಸೆಂಟಿಮೀಟರು ಮಾತ್ರ. ಆದರೂ ಪಠ್ಯಪುಸ್ತಕದಲ್ಲಿ ಕಂಡ ಚಿತ್ರದ ನೆನಪು ಜನರನ್ನು ಅದರ ಮುಂದೆ ತಂದು ನಿಲ್ಲಿಸುತ್ತದೆ. ಇನ್ನು ಕೆಲವರು ಕೈಮುಗಿಯಲು ಬರುತ್ತಾರೆ. 1970ರ ದಶಕದ ಉತ್ಖನನದಲ್ಲಿ ಪಿಪ್ರಾಹ್ವಾದಲ್ಲಿ ದೊರೆತ ಬುದ್ಧನ ಅಸ್ಥಿಧಾತುಗಳಿಗೆ ಬೌದ್ಧ ಯಾತ್ರಿಕರು ಸಂಗ್ರಹಾಲಯದಲ್ಲಿಯೇ ವಂದನೆ ಸಲ್ಲಿಸುತ್ತ ಬಂದಿದ್ದಾರೆ. ಅದೇ ಸ್ತೂಪದಲ್ಲಿ 1898ರಲ್ಲಿ ದೊರೆತು ಹೊರದೇಶಕ್ಕೆ ಹೋಗಿದ್ದ ರತ್ನಗಳು 2025ರಲ್ಲಿ ಹಾಂಗ್‌ಕಾಂಗಿನ ಹರಾಜಿಗೆ ಬಂದಾಗ ಭಾರತ ಸರ್ಕಾರವು ಆಕ್ಷೇಪಿಸಿತು. ಹರಾಜು ನಿಂತು, ಅದೇ ವರ್ಷದ ಜುಲೈಯಲ್ಲಿ ಅವು ಸ್ವದೇಶವನ್ನು ಸೇರಿದವು. ಪೂಜ್ಯವಸ್ತುವಿನ ವಿಷಯದಲ್ಲಿ ಜನಾಭಿಪ್ರಾಯಕ್ಕಿರುವ ಶಕ್ತಿ ಇಷ್ಟು. ಇದನ್ನು ಹಗುರವಾಗಿ ಕಾಣುವುದು ವಿದ್ವಾಂಸರಿಗೆ ತಕ್ಕುದಲ್ಲ.

ಆದರೆ ಬಯಕೆಯು ಪರಿಚಯವನ್ನು ಹಿಂಬಾಲಿಸುವುದೆಂಬುದನ್ನೂ ಇದರೊಡನೆಯೇ ಗಮನಿಸಬೇಕು. ಕಂಡರಿಯದುದನ್ನು ಯಾರೂ ಕೇಳಲಾರರು. ಬಿಕಾನೇರ್ ಪ್ರಾಂತದ ಪಲ್ಲುವಿನಿಂದ ಬಂದ ಹನ್ನೆರಡನೆಯ ಶತಮಾನದ ಅಮೃತಶಿಲೆಯ ಸರಸ್ವತೀ ವಿಗ್ರಹವು ದೆಹಲಿಯ ಸಂಗ್ರಹದ ಹೆಮ್ಮೆಗಳಲ್ಲೊಂದು. ಅದು ಜೈನರ ವಾಗ್ದೇವಿ. ಮಣಿಹಾರ, ಕಿರೀಟ, ಪ್ರಭಾವಳಿಗಳ ಸೂಕ್ಷ್ಮ ಕೆತ್ತನೆಯನ್ನು ನೋಡಿ ಬೆರಗಾಗದವರಿಲ್ಲ. ದೇವಿಯ ಒಂದು ಕೈಯಲ್ಲಿ ತಾಳೆಗರಿಯ ಪುಸ್ತಕವಿದೆ. ವಿಗ್ರಹದ ಬೆಡಗಿನಲ್ಲಿ ಆ ಕಟ್ಟು ಕಣ್ಣಿಗೆ ಬೀಳುವುದು ಅಪರೂಪ. ಬಿದ್ದರೂ ಅದನ್ನು ಕೇವಲ ಲಾಂಛನವೆಂದು ತಿಳಿದು ಮುಂದೆ ಸಾಗುವವರೇ ಹೆಚ್ಚು. ಶ್ರುತದೇವಿಯು ಪೂಜ್ಯಳಾದುದು ಶ್ರುತದ ದೆಸೆಯಿಂದ ಎಂಬುದನ್ನು ಪ್ರೇಕ್ಷಕನಿಗೆ ಯಾರು ತಿಳಿಸಬೇಕು?

ಸಂಗ್ರಹಾಲಯಗಳಲ್ಲಿ ಹಸ್ತಪ್ರತಿಗಳಿಗೆ ಸ್ಥಾನವೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ದೆಹಲಿಯ ಸಂಗ್ರಹದಲ್ಲಿ ಅವು ಸಾವಿರಾರು ಇವೆ. ಆದರೆ ಪ್ರದರ್ಶನಕ್ಕೆ ಆಯ್ಕೆಯಾಗುವವು ಬಹುಮಟ್ಟಿಗೆ ಸಚಿತ್ರ ಪ್ರತಿಗಳು. ಪಶ್ಚಿಮ ಭಾರತದ ಕಲ್ಪಸೂತ್ರದ ಪ್ರತಿಗಳಲ್ಲಿ ಚಿನ್ನ, ನೀಲಿ, ಕೆಂಪು ವರ್ಣಗಳೂ ಮುಖದ ಅಂಚನ್ನು ದಾಟಿ ಹೊರಚಾಚಿದ ಕಣ್ಣೂ ಯಾರನ್ನಾದರೂ ಸೆಳೆಯುತ್ತವೆ. ಇಂತಹ ಪುಟವನ್ನು ಗಾಜಿನ ಹಿಂದಿರಿಸಿ, ಕಾಲ, ದೇಶ, ಶೈಲಿಗಳನ್ನು ಸೂಚಿಸುವ ಚೀಟಿಯನ್ನು ಅಂಟಿಸಿದರೆ ಗ್ರಂಥವು ಚಿತ್ರವಾಗಿಬಿಡುತ್ತದೆ. ಪಕ್ಕದಲ್ಲಿರುವ ಅಕ್ಷರಗಳ ಸಾಲು ಚಿತ್ರದ ಚೌಕಟ್ಟಿನಂತೆ ತೋರುತ್ತದೆ. ಬೆಳಕು ತಾಕಿದಷ್ಟೂ ವರ್ಣ ಮಾಸುವುದರಿಂದ ಐವತ್ತು ಲಕ್ಸ್‌ಗೆ ಮೀರದ ಮಂದ ಪ್ರಕಾಶದಲ್ಲಿ, ಕೆಲವು ತಿಂಗಳ ಕಾಲ ಮಾತ್ರ ಅದನ್ನು ತೋರಿಸಬೇಕೆಂಬ ನಿಯಮ ಯೋಗ್ಯವಾದುದೇ. ಆದರೆ ಆ ಮಬ್ಬಿನಲ್ಲಿ ಕಾಣುವುದು ಒಂದು ಅಥವಾ ಎರಡು ಪತ್ರ. ಉಳಿದ ನೂರಾರು ಪತ್ರಗಳು ಕಟ್ಟಿನೊಳಗೆ.

ಈ ಸ್ಥಿತಿ ಜೈನ ವಿದ್ವಾಂಸರಿಗೆ ಹೊಸದಲ್ಲ. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯೂ ಜಯಧವಲಾ, ಮಹಾಬಂಧಗಳೂ ಮೂಡಬಿದರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಡಪತ್ರಗಳಲ್ಲಿ ಉಳಿದುಬಂದವು. ಶತಮಾನಗಳ ಕಾಲ ಅವು ದರ್ಶನದ ವಸ್ತುಗಳಾಗಿದ್ದವು. ಯಾತ್ರಿಕರು ದೂರದೂರುಗಳಿಂದ ಬಂದು, ರತ್ನಬಿಂಬಗಳನ್ನು ಕಂಡಂತೆ ಆ ಕಟ್ಟುಗಳನ್ನೂ ಕಂಡು, ನಮಸ್ಕರಿಸಿ ಮರಳಿದರು. ಓದಿದವರಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಾಗರೀ ಲಿಪಿಗೆ ಪ್ರತಿಮಾಡುವ ಕಾರ್ಯ ತೊಡಗಿ, ಹಲವು ದಶಕ ನಡೆಯಿತು. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾಯಿತು. ಒಟ್ಟು 16 ಸಂಪುಟಗಳಲ್ಲಿ ಆ ಕಾರ್ಯ ಪೂರ್ಣಗೊಂಡಿತು. ಕಾಪಾಡಿದ ಭಟ್ಟಾರಕರ ಮತ್ತು ಶ್ರಾವಕರ ಉಪಕಾರವನ್ನು ಮರೆಯುವಂತಿಲ್ಲ. ಅವರಿಲ್ಲದಿದ್ದರೆ ಅಚ್ಚುಮಾಡಲು ಏನೂ ಉಳಿಯುತ್ತಿರಲಿಲ್ಲ. ಹಾಗಿದ್ದರೂ, ಬಸದಿಯ ಕತ್ತಲೆಯಲ್ಲಿ ದರ್ಶನಮಾತ್ರಕ್ಕಿದ್ದ ಗ್ರಂಥವನ್ನು ಗಾಜಿನ ಪೆಟ್ಟಿಗೆಯ ಮಬ್ಬಿನಲ್ಲಿ ದರ್ಶನಮಾತ್ರಕ್ಕೆ ಇರಿಸಿದರೆ, ಬದಲಾದುದು ಕಾವಲುಗಾರನಷ್ಟೆ. ಬಸದಿಯಲ್ಲಿ ಭಕ್ತಿಯಾದರೂ ಇತ್ತು.

ಇದಕ್ಕೆ ಜನರನ್ನು ದೂಷಿಸುವ ಪದ್ಧತಿಯೊಂದುಂಟು. ‘ಜನರಿಗೆ ಹೊಳೆಯುವುದು ಮಾತ್ರ ಬೇಕು’ ಎನ್ನುವವರು ಜನರನ್ನು ಕೇಳಿ ನೋಡಿದವರಲ್ಲ. ಕೇಳಿ ನೋಡಿದ ದೇಶವೊಂದುಂಟು. ಕೆನಡಾದ ರಾಜಧಾನಿ ಒಟ್ಟಾವಾದ ಎದುರುದಡದ ಗಾಟಿನೋದಲ್ಲಿದ್ದ ನಾಗರಿಕತೆಯ ಸಂಗ್ರಹಾಲಯವನ್ನು ರಾಷ್ಟ್ರೀಯ ಇತಿಹಾಸ ಸಂಗ್ರಹಾಲಯವನ್ನಾಗಿ ಮಾರ್ಪಡಿಸಲು 2012ರಲ್ಲಿ ನಿರ್ಧರಿಸಿದಾಗ, ಅಲ್ಲಿ ಏನನ್ನು ಕಾಣಬಯಸುವಿರಿ ಎಂದು ದೇಶದಾದ್ಯಂತ ಜನರನ್ನು ಕೇಳಲಾಯಿತು. ಸರ್ಕಾರವು ತನಗೆ ಬೇಕಾದ ಇತಿಹಾಸವನ್ನು ಬರೆಸುವುದೆಂಬ ಶಂಕೆ ವಿದ್ವಾಂಸರಲ್ಲಿ ಬಲವಾಗಿತ್ತು. ಜನರು ಮಾತ್ರ ದೇಶದ ಸಾಧನೆಗಳೊಡನೆ ತಪ್ಪುಗಳನ್ನೂ ಮರೆಮಾಚದೆ ತೋರಿಸಬೇಕೆಂದು ಹೇಳಿದರು. 2017ರ ಜುಲೈ 1ರಂದು ತೆರೆದ ಅಲ್ಲಿಯ ಇತಿಹಾಸ ಶಾಲೆಯಲ್ಲಿ, ಮೂಲನಿವಾಸಿಗಳ ಮಕ್ಕಳನ್ನು ಮನೆಗಳಿಂದ ಅಗಲಿಸಿ ಇರಿಸಿದ್ದ ವಸತಿಶಾಲೆಗಳ ದಾರುಣ ಚರಿತ್ರೆಗೂ ಸ್ಥಾನ ದೊರೆಯಿತು. ಕೇಳುವ ರೀತಿಯಲ್ಲಿ ಕೇಳಿದರೆ ಪ್ರೇಕ್ಷಕನು ಗಂಭೀರವಾದುದನ್ನೇ ಬಯಸಬಲ್ಲನೆಂಬುದಕ್ಕೆ ಇದು ಸಾಕ್ಷಿ. ಅಲ್ಲಿಯ ಸಮಸ್ಯೆ ಬೇರೆ, ಇಲ್ಲಿಯದು ಬೇರೆ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಲಾಗದು.

ಇಲ್ಲಿ ಪ್ರೇಕ್ಷಕನಿಗೆ ತೋರಿಸಬೇಕಾಗಿರುವುದು ಓಲೆಯ ಹಿಂದಿನ ಮನುಷ್ಯರನ್ನು. ಮೂಡಬಿದರೆಯ ಮಹಾಬಂಧದ ಪ್ರತಿಯಲ್ಲಿರುವ ಪ್ರಶಸ್ತಿಯಿಂದ, ಮಲ್ಲಿಕಬ್ಬೆಯೆಂಬ ಶ್ರಾವಕಿಯು ಶ್ರೀಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಆ ಪ್ರತಿಯನ್ನು ಬರೆಯಿಸಿ ಮಾಘನಂದಿಮುನಿಗಳಿಗೆ ಅರ್ಪಿಸಿದಳೆಂದು ತಿಳಿದುಬರುತ್ತದೆ. ರಾಜನಲ್ಲ, ದಂಡನಾಯಕನಲ್ಲ; ವ್ರತವನ್ನು ಮುಗಿಸಿದ ಒಬ್ಬ ಗೃಹಿಣಿ. ಕರ್ಮಸಿದ್ಧಾಂತದ ಅತಿ ಕಠಿಣವಾದ ಗ್ರಂಥವೊಂದು ಉಳಿದುದು ಆಕೆಯ ನೋಂಪಿಯ ಫಲವಾಗಿ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದೂ ಒಂದೂವರೆ ಸಾವಿರ ಜಿನಬಿಂಬಗಳನ್ನು ಮಾಡಿಸಿದಳೆಂದೂ ಪರಂಪರೆ ಹೇಳುತ್ತದೆ. ಆಕೆಯ ದೃಷ್ಟಿಯಲ್ಲಿ ಬಿಂಬವೂ ಗ್ರಂಥವೂ ಸಮಾನವಾಗಿ ದಾನಯೋಗ್ಯವಾಗಿದ್ದವು. ಬಿಂಬವನ್ನು ಮಾತ್ರ ಎತ್ತಿಕೊಂಡು ಗ್ರಂಥವನ್ನು ಉಗ್ರಾಣಕ್ಕೆ ಸೇರಿಸುವ ಪ್ರದರ್ಶನವು ಆ ಕಾಲದ ಇತಿಹಾಸವನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ಸ್ತ್ರೀಯರ ಧರ್ಮಕಾರ್ಯದ ವಿಷಯದಲ್ಲಂತೂ ಉಳಿಯುವುದು ಅರ್ಧಕ್ಕಿಂತಲೂ ಕಡಮೆ.

ಅಮೂಲ್ಯವಾದ ಮೂಲಪ್ರತಿಯನ್ನು ಅದರ ನೆಲೆಯಿಂದ ಕದಲಿಸಿ ದೆಹಲಿಗೆ ಒಯ್ಯಬೇಕೆಂದು ಇದರ ಅರ್ಥವಲ್ಲ. ಒಯ್ಯಬಾರದೆಂಬುದೇ ಸಾಧುವಾದ ಪಕ್ಷ. ಅದು ನಿತ್ಯ ಪೂಜೆಗೊಳ್ಳುವ ಶಾಸ್ತ್ರ. ಸಿ. ಶಿವರಾಮಮೂರ್ತಿಯವರ ದಕ್ಷಿಣ ಭಾರತದ ಚಿತ್ರಕಲೆಯ ಗ್ರಂಥವನ್ನು ದೆಹಲಿಯ ಸಂಗ್ರಹಾಲಯವೇ 1968ರಲ್ಲಿ ಪ್ರಕಟಿಸಿದೆ. ಮೂಡಬಿದರೆಯ ತಾಡಪತ್ರಗಳ ಹೊಯ್ಸಳಕಾಲದ ಚಿತ್ರಗಳು ಅದರಲ್ಲಿ ವಿವೇಚಿತವಾಗಿವೆ. ಆಗಲೂ ಪ್ರಾಮುಖ್ಯ ಚಿತ್ರಕ್ಕೇ. 2025ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ‘ಜ್ಞಾನ ಭಾರತಂ’ ಯೋಜನೆಯು ಒಂದು ಕೋಟಿಗೂ ಮಿಕ್ಕ ಹಸ್ತಪ್ರತಿಗಳ ಸಮೀಕ್ಷೆ ಮತ್ತು ರಕ್ಷಣೆಯ ಗುರಿಯನ್ನಿರಿಸಿಕೊಂಡಿದೆ. ಆ ಕಾರ್ಯದಿಂದ ದೊರೆಯುವ ಛಾಯಾಪ್ರತಿಗಳು ಗಣಕಯಂತ್ರದ ಉಗ್ರಾಣವನ್ನು ಸೇರಿದರೆ ಸಾಲದು. ಪ್ರಶಸ್ತಿಯುಳ್ಳ ಒಂದು ಗರಿಯ ಛಾಯಾಪ್ರತಿ, ಅದರ ಲಿಪ್ಯಂತರ, ಓದುಗನಿಗೆ ತಿಳಿಯುವ ಭಾಷೆಯಲ್ಲಿ ಅರ್ಥ, ಬರೆಯಿಸಿದವರ ಮತ್ತು ಪಡೆದವರ ಹೆಸರು, ಪಕ್ಕದಲ್ಲಿ ಕಂಠ ಮತ್ತು ಬರೆಯದ ಓಲೆ — ಇಷ್ಟಕ್ಕೆ ಬೇಕಾದುದು ಒಂದು ಪೆಟ್ಟಿಗೆಯ ಸ್ಥಳ ಮತ್ತು ಹಳಗನ್ನಡ ಲಿಪಿಯನ್ನು ಬಲ್ಲ ಒಬ್ಬ ಪಂಡಿತ. ಪಲ್ಲುವಿನ ಸರಸ್ವತಿಯ ಬಳಿಯಲ್ಲಿ ಇದನ್ನು ಇರಿಸಲು ಹೊಸ ಕಟ್ಟಡವಾಗುವವರೆಗೆ ಕಾಯಬೇಕಾಗಿಯೂ ಇಲ್ಲ.